ಬೆಳಗಿನ ಮಿಸ್ಡ್ ಕಾಲ್

ಬೆಳಿಗ್ಗೆ ಐದೂಮುಕ್ಕಾಲು. ಶೆಡ್ಡಿನ ಮುಂದೆ ನಿಂತ ಪುಟ್ಟ ಲಾರಿಯ ಬೆನ್ನ ಮೇಲೆ ಒಂದಿಡೀ ಮನೆಯಿದೆ: ಮಂಚ, ಒಲೆ, ಮೊಣಕಾಲೆತ್ತರದ ಫ್ರಿಡ್ಜ್. ಫ್ಯಾನು, ದೀಪ, ಫ್ರಿಡ್ಜ್ ಎಲ್ಲವೂ ನಿನ್ನೆ ಸಂಜೆಯಿಂದ ಒಂದೇ ಸಮ ಓಡುತ್ತಿವೆ. ರಾತ್ರಿಯಿಡೀ ಇವು ಓಡಿದ ಮೇಲೂ ಎಂಜಿನ್ ಏಳುತ್ತದೋ ನೋಡೋಣ ಎಂದೇ ಬಿಟ್ಟವರು ಶೆಡ್ಡಿನ ಮೆಕ್ಯಾನಿಕ್ ಬ್ಯಾಟರಿ ಮಾಮ.

"ಅಮ್ಮಾ, ಇವತ್ತೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಲಾರಿ ಮಾರೋದೇ. ಮಾತು ಕೊಟ್ಟಿದೀಯ," ಎನ್ನುತ್ತಾಳೆ ಮಗಳು.

"ಕೊಟ್ಟಿದೀನಿ ಕಣೆ. ಮೊದ್ಲು ಕೀ ಕೊಡು."

ಅಮ್ಮ ನಿವೃತ್ತ ಟೀಚರ್. ಈ ಲಾರಿ ಮನೆಯಲ್ಲೇ ಊರೂರು ಸುತ್ತುತ್ತಾರೆ. ದಾರಿಯಲ್ಲಿ ಅವರ ಇನ್ಸುಲಿನ್ ಇಡಬೇಕಾದ್ದು ಆ ಫ್ರಿಡ್ಜಿನಲ್ಲೇ. ಹೋದ ತಿಂಗಳು ನರಪಿಳ್ಳೆಯಿಲ್ಲದ ರಸ್ತೆಯಲ್ಲಿ ಫ್ರಿಡ್ಜೂ ಎಂಜಿನ್ನೂ ಒಟ್ಟಿಗೇ ಕೈಕೊಟ್ಟವು. ಯಾರೋ ಎಂಜಿನ್ನಿನ ಬ್ಯಾಟರಿಯನ್ನೂ ಹಿಂದಿನ ಮನೆಯ ಬ್ಯಾಟರಿಯನ್ನೂ ನೇರ ಜೋಡಿಸಿಬಿಟ್ಟಿದ್ದರು. ಮನೆಯ ಖರ್ಚಿಗೆ ಎಂಜಿನ್ನಿನ ಬ್ಯಾಟರಿಯೂ ಬರಿದಾಗಿತ್ತು.

ಮಾಮ ಈಗ ಎರಡರ ನಡುವೆ ಒಂದು ರಿಲೇ, ಅಂದರೆ ತಾನೇ ಕೂಡಿಸಿ ಬಿಡಿಸುವ ಸ್ವಿಚ್ಚು, ಕೂರಿಸಿದ್ದಾರೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಎರಡಕ್ಕೂ ಚಾರ್ಜ್ ಕೊಡುತ್ತದೆ, ನಿಂತ ಕೂಡಲೇ ಎರಡೂ ಬೇರೆ. "ಅಣ್ಣ-ತಮ್ಮ ಇದ್ದ ಹಾಗೆ ಮೇಡಂ. ಊಟ ಒಟ್ಟಿಗೆ, ಜೇಬು ಬೇರೆ." ಹಿಂದಕ್ಕೆ ಎಳೆದ ವೈರು ಹೆಬ್ಬೆರಳು ದಪ್ಪ. "ತೆಳು ವೈರಾದ್ರೆ ಕರೆಂಟು ದಾರೀಲೇ ಸುಸ್ತಾಗ್ಬಿಡುತ್ತೆ."

ಮಾಮ ತಮ್ಮ ಸೋದರಮಾವನ ಬಳಿ ಕಲಿತ ಕೆಲಸಕ್ಕೆ ಈಗ ಇಪ್ಪತ್ತೆರಡು ವರ್ಷ. ದಿನಕ್ಕೆ ಮೂರು ಗಾಡಿ. ಅರ್ಧ ದಿನ ಗಾಡಿಯಡಿ ಅಂಗಾತ. ಆ್ಯಸಿಡ್ಡಿಗೆ ತೂತು ಬೀಳದ ಅಂಗಿ ಒಂದೂ ಇಲ್ಲ. ಮೊದಮೊದಲು ಅವರೂ ಒಮ್ಮೆ ಹೀಗೇ ನೇರ ಜೋಡಿಸಿ ಕಳಿಸಿದ್ದರಂತೆ. ಎಳೆಮಗುವಿದ್ದ ಸಂಸಾರವೊಂದು ಬಿಸಿಲಲ್ಲಿ ದಿನವಿಡೀ ರಸ್ತೆ ಬದಿ ಕೂತಿತ್ತು. "ಅವತ್ತಿಂದ ಬೆಳಗಿನ ಪರೀಕ್ಷೆ ಆಗ್ದೆ ಒಂದು ಗಾಡೀನೂ ಬಿಟ್ಟಿಲ್ಲ."

ಟೀಚರ್ ಕೀ ತಿರುಗಿಸುತ್ತಾರೆ. ಒಂದೇ ಸಲಕ್ಕೆ ಗುರ್ರ್ ಎಂದು ಎಂಜಿನ್ ಎದ್ದು ಕೂರುತ್ತದೆ! ಮಾಮ ಮುಂದೊಮ್ಮೆ, ಹಿಂದಕ್ಕೆ ಓಡಿ ಇನ್ನೊಮ್ಮೆ ಮೀಟರ್ ಹಿಡಿಯುತ್ತಾರೆ. ಮುಂದೆ ಹದಿನಾಲ್ಕು ಪಾಯಿಂಟ್ ಎರಡು ವೋಲ್ಟ್, ಹಿಂದೆ ಬರೋಬ್ಬರಿ ಹದಿನಾಲ್ಕು: ಎರಡಕ್ಕೂ ಚಾರ್ಜ್ ಹೋಗುತ್ತಿದೆ.

"ಸರಿ, ಹೋಗ್ಬಾ," ಎನ್ನುವ ಮಗಳು ತಾನೇ ಹತ್ತಿ ಇನ್ಸುಲಿನ್ ಡಬ್ಬಿಯನ್ನು ಫ್ರಿಡ್ಜಿನಲ್ಲಿಡುತ್ತಾಳೆ.

ಮಾಮ ಕೇಳಿಕೊಳ್ಳುವುದು ಒಂದೇ. "ನಾಳೆ ಬೆಳಿಗ್ಗೆ ಸ್ಟಾರ್ಟ್ ಆದ್ಮೇಲೆ ಒಂದು ಮಿಸ್ಡ್ ಕಾಲ್ ಕೊಡಿ ಮೇಡಂ. ಮಾತಾಡೋದೇನೂ ಬೇಡ."

ಮರುದಿನ ಆರೂಕಾಲು. ಇನ್ನೊಂದು ಗಾಡಿಯಡಿಯಲ್ಲಿ ಮಲಗಿದ್ದ ಮಾಮನ ಎದೆಜೇಬಿನಲ್ಲಿ ಫೋನು ಎರಡು ಸಲ ರಿಂಗಾಗಿ ನಿಲ್ಲುತ್ತದೆ. ತೆಗೆದು ನೋಡುವುದೂ ಇಲ್ಲ.

"ಟೀಚರ್ ಹೊರಟ್ರು," ಎಂದು ಸ್ಪ್ಯಾನರ್ ತಿರುಗಿಸುತ್ತಾರೆ.