ಕೆಮ್ಮಣ್ಣಿನ ಅಳತೆಗೆ ಅರ ಹಾಕಿದ ಬೂಟು

ಬೆಳಗಿನ ಐದೂಮುಕ್ಕಾಲು. ಕೊಡಿಗೇಹಳ್ಳಿಯ ರೈಲ್ವೆ ಗೇಟು ದಾಟಿ ಬ್ಯಾಟರಾಯನಪುರದ ಕಡೆಗೆ ಬಂದರೆ ಒಂದು ಆಟದ ಬಯಲು ಸಿಗುತ್ತದೆ. ಹುಲ್ಲಿನ ಎಸಳೂ ಇಲ್ಲದ ಕೆಮ್ಮಣ್ಣು, ಒಣಗಿ ಇಟ್ಟಿಗೆಯಾದ ನೆಲ. ಮೂಲೆಯ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಬ್ಯಾಟರಾಯಪ್ಪ ಕೂತಿದ್ದಾರೆ. ಮೊಣಕಾಲುಗಳ ನಡುವೆ ಹೊಸ ಫುಟ್‌ಬಾಲ್ ಬೂಟೊಂದನ್ನು ಮಗುಚಿ ಹಿಡಿದು, ತಳದಲ್ಲಿ ಮೊಳೆಯಂತೆ ಚಾಚಿದ ಸ್ಟಡ್ಡುಗಳನ್ನು ಅರದಿಂದ ಉಜ್ಜುತ್ತಿದ್ದಾರೆ. ಪ್ಲಾಸ್ಟಿಕ್ಕಿನ ಪುಡಿ ಪಂಚೆಯ ಮೇಲೆ ಉದುರುತ್ತಿದೆ.

ಬೂಟಿನ ಒಡೆಯ ಬರಿಗಾಲಲ್ಲಿ ಕುಣಿಯುತ್ತಿದ್ದಾನೆ. “ತಾತ, ಬೇಗ ಕೊಡಿ, ಕೋಚ್ ಬೈತಾರೆ.”

“ಬೈಸ್ಕೊ. ಕಾಲ್ ಮುರ್ಕಂಡ್ರೆ ಅವ್ರು ಎತ್ಕಂಡ್ ಓಗ್ತಾರಾ?”

ಈ ಬಯಲಿನಲ್ಲಿ ಯಾರೂ ಹೊಸ ಬೂಟನ್ನು ನೇರವಾಗಿ ತೊಡುವುದಿಲ್ಲ. ಮೊದಲು ಬ್ಯಾಟರಾಯಪ್ಪನವರ ಅರಕ್ಕೆ ಕೊಡಬೇಕು. ಅಂಗಡಿಯ ಬೂಟಿನ ಸ್ಟಡ್ಡು ಉದ್ದ, ಮೆತ್ತನೆಯ ಹುಲ್ಲಿನ ನೆಲಕ್ಕೆ ಊರಲೆಂದು ಮಾಡಿದ್ದು. ಇಲ್ಲಿಯ ನೆಲಕ್ಕೆ ಅದು ಊರುವುದಿಲ್ಲ. ಆಟಗಾರ ಮೊಳೆಯ ಮೇಲೆ ನಿಂತಂತೆ ನಿಲ್ಲುತ್ತಾನೆ, ತಿರುಗಿದರೆ ಪಾದದ ಹರಡು ಉಳುಕುತ್ತದೆ. ಹಾಗಾಗಿ ಒಂದೊಂದು ಸ್ಟಡ್ಡನ್ನೂ ಅರ್ಧಕ್ಕರ್ಧ ಸವೆಸಿ ಕೊಡುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಜೊತೆ. ಭಾನುವಾರ ಮೂವತ್ತಕ್ಕೂ ಹೋಗುತ್ತದೆ. ಕಿತ್ತ ತಳ ಅಂಟಿಸುವುದು, ಬಿಟ್ಟ ಹೊಲಿಗೆ ಹಾಕುವುದು ಬೇರೆ.

ವಯಸ್ಸು ಅರವತ್ತೆರಡು. ಈ ಸುತ್ತೆಲ್ಲ ರಾಗಿ ಹೊಲವಿದ್ದಾಗ ಇವರ ತಂದೆ ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದರಂತೆ. ಬಾವಿಗೆ ಪಂಪು ಬಂತು, ಆಮೇಲೆ ಹೊಲಕ್ಕೆ ಲೇಔಟು ಬಂತು. ಮಗ ಚಪ್ಪಲಿಗೆ ಇಳಿದರು. ಇಪ್ಪತ್ತೇಳು ವರ್ಷದ ಹಿಂದೆ ಯಾರೋ ಒಬ್ಬ ಆಟಗಾರ ಬೂಟು ತಂದು ಮುಂದಿಟ್ಟ. ಅಂದಿನಿಂದ ಈ ಮರವೇ ಅಂಗಡಿ. ಹೆಂಡತಿ ಲಕ್ಕಮ್ಮ ಏಳಕ್ಕೆ ಮುದ್ದೆ ಕಟ್ಟಿ ತರುತ್ತಾರೆ. ಹತ್ತಕ್ಕೆ ಬಿಸಿಲು ಬಂದರೆ ಕೆಲಸ ಮುಗಿಯಿತು.

ಇವರ ಕೈಯಲ್ಲಿ ಬೂಟು ಸವೆಸಿಕೊಂಡು ಬೆಳೆದವರಲ್ಲಿ ಒಂಬತ್ತು ಮಂದಿ ಕಳೆದ ಏಳು ವರ್ಷದಲ್ಲಿ ಹೊರದೇಶಕ್ಕೆ ಹೋಗಿದ್ದಾರೆ. ಐದು ಮಂದಿ ದುಬೈ, ಕತಾರ್‌ ಕಡೆಗೆ, ನಾಲ್ವರು ಪೋರ್ಚುಗಲ್‌ಗೆ. ಫುಟ್‌ಬಾಲ್ ಆಡುವ ದೇಶ ನೂರಾರಿದ್ದರೂ ಇವೆರಡೇ ದಿಕ್ಕು ಯಾಕೆ?

“ಎಲ್ಲಿ ಚೆನ್ನಾಗಿ ಆಡ್ತಾರೆ ಅಂತ ನೋಡಿ ಓಗಲ್ಲ ಸ್ವಾಮಿ. ಎಲ್ಲಿ ವೀಸಾ ಕೊಡ್ತಾರೆ, ಎಲ್ಲಿ ಅನ್ನ ಸಿಕ್ತದೆ, ಎಲ್ಲಿ ನಮ್ಮೋನು ಒಬ್ಬ ರೂಮ್ ಮಾಡ್ಕಂಡವ್ನೆ, ಅಲ್ಲಿಗೆ ಓಗ್ತಾರೆ. ಒಲದಾಗೆ ಕಾಲ್ದಾರಿ ಬೀಳಲ್ವಾ, ಅಂಗೆ. ಮೊದಲ್ನೋನು ಮುಳ್ ತುಳ್ದಿದ್ರೂ ಇಂದ್ಗಡೆಯೋರು ಅದೇ ದಾರೀಲಿ ಬತ್ತಾರೆ.”

ಮುಳ್ಳು ತುಳಿದವನು ಶರಣು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದ ದಂಪತಿಯ ಮಗ, ಈ ಬಯಲಿನಲ್ಲೇ ಬೆಳೆದವನು. ಮೂರು ವರ್ಷದ ಹಿಂದೆ ಪೋರ್ಚುಗಲ್‌ನ ಸಣ್ಣ ಕ್ಲಬ್ಬೊಂದು ಆಯ್ಕೆ ಆಟಕ್ಕೆ ಕರೆಯಿತು. ಗೆಳೆಯರೆಲ್ಲ ಸೇರಿ ಒಳ್ಳೆಯ ಬೂಟು ಕೊಡಿಸಿದರು. ಅದನ್ನು ತೋರಿಸಲು ತಂದಾಗ ಬ್ಯಾಟರಾಯಪ್ಪ ಕೇಳದೆಯೇ ಅರ ತೆಗೆದುಕೊಂಡರು. ಇಪ್ಪತ್ತನಾಲ್ಕು ವರ್ಷದ ಕೈಯಭ್ಯಾಸ. ಎರಡು ಗಂಟೆ ಕೂತು, ನುಣ್ಣಗೆ ಸವೆಸಿ, ಕಾಸು ಬೇಡವೆಂದು ಕೊಟ್ಟರು. ಸುತ್ತ ನಿಂತ ಇಪ್ಪತ್ತು ಜನರಲ್ಲಿ ಒಬ್ಬರಿಗೂ ಬೇಡ ಎನ್ನಲು ತೋಚಲಿಲ್ಲ. ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ಅವರ‍್ಯಾರೂ ಆಡಿರಲಿಲ್ಲ.

ಅಲ್ಲಿ ಮೂರನೆಯ ದಿನ ಮಳೆ ಬಂತು. ಎಡಕ್ಕೆ ತಿರುಗುವಾಗ ಗಿಡ್ಡ ಸ್ಟಡ್ಡು ನೆಲ ಹಿಡಿಯಲಿಲ್ಲ. ಶರಣು ಜಾರಿದ, ಮಂಡಿಯ ನರ ಹರಿಯಿತು. ಈಗ ವಿದ್ಯಾರಣ್ಯಪುರದ ಅಪಾರ್ಟ್‌ಮೆಂಟೊಂದರಲ್ಲಿ ಕೂತು ಕ್ಯಾಮೆರಾ ನೋಡುವ ಕೆಲಸ ಮಾಡುತ್ತಾನೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾನೆ.

“ಇವತ್ತಿನ್ ಗಂಟ ಒಂದ್ ಮಾತು ಅಂದಿಲ್ಲ. ಯುಗಾದೀಗೆ ಬಂದು ಕಾಲಿಗ್ ಬೀಳ್ತಾನೆ. ಅವ್ನು ಬಗ್ಗಕ್ ಆಗ್ದೆ ಒದ್ದಾಡದು ನೋಡ್ತೀನಲ್ಲ... ಉಗಿದಿದ್ರೆ ಚೆನ್ನಾಗಿತ್ತು.”

ಈಗ ಅದೇ ದಾರಿಗೆ ಫರ್ಹೀನ್ ಹೊರಟಿದ್ದಾಳೆ. ಇಪ್ಪತ್ತು ವರ್ಷ, ಇಲ್ಲಿಯ ಹುಡುಗಿಯರ ತಂಡದ ಮುಂಚೂಣಿ ಆಟಗಾರ್ತಿ. ದುಬೈಯಿಂದಲೂ ಕರೆ ಬಂದಿತ್ತು, ಪೋರ್ಚುಗಲ್‌ನಿಂದಲೂ. ದುಬೈಯಲ್ಲಿ ಚಿಕ್ಕಮ್ಮನ ಮನೆಯಿದೆ, ಅಮ್ಮನಿಗೂ ಅದೇ ಇಷ್ಟ. ಬ್ಯಾಟರಾಯಪ್ಪನವರಿಗೂ. ಅಲ್ಲಿ ಅವಳನ್ನು ಕರೆದವರದು ಪ್ಲಾಸ್ಟಿಕ್ ಹುಲ್ಲಿನ ಬಯಲು, ಗಿಡ್ಡ ಸ್ಟಡ್ಡೇ ಸಾಕು. ವಾರಗಟ್ಟಲೆ ಹೇಳಿ ನೋಡಿದರು.

“ದುಬೈಲಿ ಹಗಲೆಲ್ಲ ಆಫೀಸ್ ಕೆಲಸ, ಸಂಜೆ ಆಟ ತಾತ. ನಮ್ಮನ್ನ ನೋಡೋಕೆ ಯಾರ್ ಬರ್ತಾರೆ? ಪೋರ್ಚುಗಲ್‌ನಲ್ಲಾದ್ರೆ ದೊಡ್ಡ ಕ್ಲಬ್‌ನೋರು ಬಂದು ನೋಡ್ತಾರೆ. ಮತ್ತೆ ಶರಣು ಅಣ್ಣಂಗೆ ಅಲ್ಲಿ ಎಲ್ಲಾ ಗೊತ್ತು. ಯಾವ ಬಸ್ಸು, ಯಾವ ರೂಮು, ಬಿದ್ರೆ ಯಾವ ಆಸ್ಪತ್ರೆ, ಬರ್ಕೊಟ್ಟಿದಾರೆ” ಎನ್ನುತ್ತಾಳೆ ಫರ್ಹೀನ್, ನಗುತ್ತ.

ಬ್ಯಾಟರಾಯಪ್ಪ ನಗುವುದಿಲ್ಲ.

ಅವಳ ಹೊಸ ಬೂಟಿನ ಸ್ಟಡ್ಡು ಬೆರಳ ತುದಿಯಷ್ಟು ಉದ್ದ. ಅದನ್ನು ತೊಟ್ಟು ಇಲ್ಲಿ ಆಡಿದರೆ ಇಲ್ಲೇ ಹರಡು ಹೋಗುತ್ತದೆ. ಸವೆಸಿದರೆ ಅಲ್ಲಿ ಮಂಡಿ. ಪಾರ್ಕಿನ ಹುಲ್ಲಲ್ಲಿ ಅಭ್ಯಾಸ ಮಾಡಲು ಹೋದಳು. ಎರಡನೆಯ ದಿನಕ್ಕೆ ವಾಚ್‌ಮನ್ ಕೋಲು ಹಿಡಿದು ಅಟ್ಟಿದ. “ಅಭ್ಯಾಸಾನೇ ಇಲ್ದೆ ಅಲ್ಲಿ ಹೆಂಗ್ ಓಡ್ಲಿ ತಾತ? ಸ್ವಲ್ಪ, ಒಂಚೂರು ಸವೆಸಿ ಕೊಡಿ” ಎಂದು ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

ಅವರು ಬೂಟನ್ನು ತಿರುಗಿಸಿ ನೋಡುತ್ತಾರೆ. ಎಷ್ಟು ಸವೆಸಿದರೆ ಎರಡು ನೆಲಕ್ಕೂ ಸರಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ಅವರು ಕಂಡೂ ಇಲ್ಲ.

“ನಂಗ್ ಗೊತ್ತಿಲ್ಲ ಕಣವ್ವ. ಈ ಮಣ್ ಒಂದೇ ನಂಗ್ ಗೊತ್ತಿರದು” ಎಂದು ಬೂಟಿಗೆ ಅರ ಮುಟ್ಟಿಸದೆ ಹಾಗೆಯೇ ಹಿಂದಕ್ಕೆ ಕೊಡುತ್ತಾರೆ. ಅವಳು ಎದೆಗೆ ಅವುಚಿಕೊಂಡು ಎದ್ದು ಹೋಗುತ್ತಾಳೆ. ಮಂಗಳವಾರ ವಿಮಾನ.

ಅವಳ ಬಗ್ಗೆ ಏನು ಆಸೆ ಎಂದು ಕೇಳಿದರೆ ಬ್ಯಾಟರಾಯಪ್ಪ ಪಂಚೆಯ ಪುಡಿ ಕೊಡವಿಕೊಳ್ಳುತ್ತಾರೆ.

“ಗೋಲ್ ಒಡೀಲಿ, ಎಸ್ರು ಬರ್ಲಿ ಅಂತ ಏನಿಲ್ಲ. ಮೊದಲ್ನೇ ದಿನ ಆಟ ಮುಗುಸ್ಕಂಡು, ಅವ್ಳ್ ಕಾಲಲ್ಲೇ ಅವ್ಳು ನಡ್ಕಂಡ್ ಆಚಿಕ್ ಬರ್ಲಿ. ಆಮ್ಯಾಕೆ ನನ್ನ ಮರ‍್ತೋದ್ರೂ ಓಗ್ಲಿ.”