ಕುತ್ತಿಗೆಯ ಮೇಲಿನ ಕೈ

ಸಾಲೋಟಗಿಯ ಬಸಂತರಾಯ ಪೈಲ್ವಾನ ಮಗಳನ್ನು ಎಡಗೈಯಿಂದ ಎತ್ತಿಕೊಳ್ಳಲು ಶುರುಮಾಡಿದ್ದು ಊರಿನ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದದ್ದು ಅವನ ಹೆಂಡತಿ ವಿಜಯಶ್ರೀಯ ಕಣ್ಣಿಗೆ. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು ಐಶ್ವರ್ಯ. ಅದು ಸೀನಿದರೆ ಅವಳಿಗೆ ನೆಗಡಿಯ ಭಯ, ಬಹಳ ಹೊತ್ತು ಸೀನದಿದ್ದರೆ ಮೂಗು ಕಟ್ಟಿದೆಯೇನೋ ಎಂಬ ದಿಗಿಲು. ಕೂಸನ್ನು ಯಾರು ಎತ್ತಿಕೊಂಡರೂ ಅವಳ ನೋಟ ಮೊದಲು ಅವರ ಕೈಯ ಮೇಲೆಯೇ ಹೋಗುತ್ತಿತ್ತು.

"ಯಾಕ್ರೀ, ಬಲಗೈಗೆ ಏನಾಗೇತಿ?"

"ಏನ ಆಗೂದೈತಿ? ಎಡಗೈಗೂ ಮಗಳ ಮ್ಯಾಲ ಜೀವ ಇರ್ತೈತಿ," ಎಂದು ಅವನು ನಕ್ಕ.

ಅವಳು ನಗಲಿಲ್ಲ.

ಗಂಡನ ಕುಸ್ತಿಯನ್ನು ಅವಳು ಒಮ್ಮೆಯೂ ನೋಡಿದವಳಲ್ಲ. ವಿಜಾಪುರದಲ್ಲಿ ಹುಟ್ಟಿ ಅಲ್ಲಿಯೇ ಬಿ.ಕಾಂ. ಮುಗಿಸಿದವಳು. ತಂದೆಗೆ ಕುಸ್ತಿಯ ಹುಚ್ಚು. ಪೈಲ್ವಾನ ಅಳಿಯನೇ ಬೇಕೆಂದು ಹಟ ಹಿಡಿದು ತೊಂಬತ್ತೈದರಲ್ಲಿ ಮಗಳನ್ನು ಇಂಡಿ ತಾಲೂಕಿಗೆ ಕೊಟ್ಟಿದ್ದರು. ಬಂದ ವಾರದಲ್ಲೇ ಅತ್ತೆ ಸಾವಂತ್ರವ್ವ ಹೇಳಿದ್ದಳು: "ಹೆಣ್ಮಕ್ಕಳು ಗರಡಿ ಹೊಸ್ತಿಲಾ ದಾಟಂಗಿಲ್ಲವ್ವಾ. ಕಣದ ಹಂತ್ಯಾಕೂ ಹೋಗಂಗಿಲ್ಲ. ನಿನ್ನ ಪಾಲಿಗೆ ಬರೂದು ಎಣ್ಣಿ ಹಚ್ಚೂದು ಒಂದ."

ಹೀಗಾಗಿ ಗಂಡ ಕಣದಲ್ಲಿ ಏನು ಮಾಡುತ್ತಾನೆಂಬುದನ್ನು ಅವಳು ತಿಳಿದದ್ದೆಲ್ಲ ಅವನ ಮೈಗೆ ಎಣ್ಣೆ ಹಚ್ಚುತ್ತಲೇ.

ಅದಕ್ಕೂ ಹಿಂದಿನದನ್ನು ಅತ್ತೆಯ ಬಾಯಲ್ಲಿ ಕೇಳಿದ್ದಳು. ಮೀಸೆ ಚಿಗುರುವ ವಯಸ್ಸಿನಲ್ಲಿ ಸಿಂದಗಿಯ ಕಣಕ್ಕೆ ಇಳಿದ ಬಸಂತರಾಯನಿಗೆ ಗೊತ್ತಿದ್ದದ್ದು ಒಂದೇ ಡಾವು, ಢಾಕ ಎಂಬ ಪಟ್ಟು. ಬಲಗೈಯಿಂದ ಎದುರಾಳಿಯ ತೋಳನ್ನು ಗಟ್ಟಿ ಹಿಡಿದು, ಗಕ್ಕನೆ ತಿರುಗಿ, ಸೊಂಟದ ಮೇಲೆ ಹೊತ್ತು ಒಗೆಯುವುದು. "ಮಂದಿ ಕುಂದ್ರಾಕ ಜಾಗಾ ಹುಡುಕೂದರಾಗ ಕುಸ್ತಿ ಮುಗದಿರತಿತ್ತು," ಎನ್ನುತ್ತಿದ್ದಳು ಸಾವಂತ್ರವ್ವ. "ಚಾ ತರಾಕ ಹೋದಾಂವ ತಿರುಗಿ ಬಂದು, ಯಾವಾಗ ಶುರು ಅಂತ ಕೇಳತಿದ್ದ."

ವಿಜಯಶ್ರೀ ಬಂದ ಹೊಸತರಲ್ಲಿ ಗಾಯಗಳೆಲ್ಲ ಮೊಣಕಾಲಿಗೆ, ಸೊಂಟಕ್ಕೆ ಇರುತ್ತಿದ್ದವು. ಬರಬರುತ್ತ ಅವು ಮೇಲಕ್ಕೆ ಹತ್ತಿದವು. ಕಿವಿಗಳು ಮುರುಟಿ ಒಣ ಅಂಜೂರದಂತಾದವು. ಕುತ್ತಿಗೆಯ ಹಿಂದೆ ಚರ್ಮ ದಪ್ಪಗಾಯಿತು. ಒಂದೇ ಡಾವಿನವನೆಂದು ಎಲ್ಲ ಊರಿಗೂ ಗೊತ್ತಾದ ಮೇಲೆ ಯಾರೂ ಅವನ ಕೈಗೆ ತೋಳು ಕೊಡುತ್ತಿರಲಿಲ್ಲ. ಇಂಡಿಯ ಗರಡಿಯ ವಸ್ತಾದ ಇಬ್ರಾಹಿಂಸಾಬ ಅವನಿಗೆ ಕಾಯುವುದನ್ನು ಕಲಿಸಿದ. ಎದುರಾಳಿಯ ಕುತ್ತಿಗೆಗೆ ಜೋತು ಬಿದ್ದು, ತನ್ನ ಭಾರವನ್ನೆಲ್ಲ ಅವನ ಮೇಲೆ ಹೇರಿ, ಅವನ ಉಸಿರು ಒಡೆಯುವವರೆಗೆ ನಿಲ್ಲುವುದು. "ನಿನ್ನ ಗಂಡ ಈಗ ತಲಿಯಿಂದ ಆಡ್ತಾನವ್ವಾ," ಎಂದು ಮನೆಗೆ ಬಂದಾಗ ಇಬ್ರಾಹಿಂಸಾಬ ಹೊಗಳಿದ್ದ. ಆ ತಲೆಯ ಭಾರ ಹೊರುವ ಕುತ್ತಿಗೆಗೆ ದಿನಾಲೂ ಬಿಸಿನೀರಿನ ಶಾಖ ಕೊಡುತ್ತಿದ್ದವಳು ಅವಳು.

ಈಚಿನ ಎರಡು ವರ್ಷ ಗಾಯಗಳು ಎಡ ಭುಜಕ್ಕೆ, ಎಡ ಮೊಣಕೈಗೆ ಸರಿದಿದ್ದವು. ಪೈಲ್ವಾನ ಎಡಗೈ ಆಟ ಕಲಿತಿದ್ದಾನೆ, ಈ ವಯಸ್ಸಿನಲ್ಲಿ ಹೊಸ ಡಾವು ಕಟ್ಟಿದ್ದಾನೆ, ಎದುರಿನವರಿಗೆ ತಿಳಿಯುವುದೇ ಇಲ್ಲ ಎಂದು ಊರೆಲ್ಲ ಮಾತಾಡಿತು. ವಿಜಯಶ್ರೀಯೂ ಅದನ್ನೇ ನಂಬಿದ್ದಳು, ಕೂಸು ಜಾರುವವರೆಗೆ.

ಅಂದು ಅವನು ಮರೆತು ಐಶ್ವರ್ಯಳನ್ನು ಬಲಗೈಯಲ್ಲಿ ಎತ್ತಿದ್ದ. ಕೂಸು ಹಿಂದಕ್ಕೆ ಬಾಗಿತು, ಬೆರಳುಗಳು ಮುಚ್ಚಲಿಲ್ಲ. ಎಡಗೈ ಹಾವಿನಂತೆ ಬಂದು ಹಿಡಿಯಿತು. ಕೂಸು ಆಟವೆಂದು ತಿಳಿದು ಕಿಲಕಿಲ ನಕ್ಕಿತು. ತಾಯಿ ಮಾತ್ರ ಕೂಸನ್ನು ಕಸಿದು ಕೆಳಗಿಳಿಸಿ ಸೂಜಿ ತಂದಳು. ಅವಳು ಅವನ ಬಲ ಅಂಗೈಗೆ ಸೂಜಿ ಚುಚ್ಚಿ ನೋಡಿದಳು. ಅವನು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಿದ್ದ.

ವಿಜಾಪುರದ ಡಾಕ್ಟರು ಫೋಟೋ ತೆಗೆಸಿ ನೋಡಿದರು. ಕುತ್ತಿಗೆಯ ಎಲುಬು ಸವೆದು ನರವನ್ನು ಒತ್ತುತ್ತಿದೆ, ಇನ್ನೊಂದು ಜೋರು ಜಗ್ಗಾಟ ಬಿದ್ದರೆ ಆ ಕೈ ಪೂರ್ತಿ ಹೋಗಬಹುದು, ಕುಸ್ತಿ ಇಲ್ಲಿಗೆ ಮುಗಿಯಿತು ಎಂದರು. ಇಂಡಿಯಲ್ಲಿ ಬಸ್ಸು ಇಳಿಯುವಾಗ ಅವನು ಹೇಳಿದ:

"ಬಾಗೇವಾಡಿ ಕುಸ್ತಿ ಒಂದ ಆಗಲಿ."

"ಡಾಕ್ಟರ್ ಹೇಳಿದ್ದು ಕೇಳಿಸಲಿಲ್ಲೇನ್ರಿ ನಿಮಗ?"

"ಜೋಡಿ ಕಟ್ಯಾರ. ವಸ್ತಾದರು ಮಾತ ಕೊಟ್ಟಾರ. ಇದಾದ ಮ್ಯಾಲ ಗರಡಿ ನನ್ನ ಕೈಯಾಗ ಕೊಡೂವ್ರು ಅದಾರ. ಸೋತು ಕಣ ಬಿಟ್ರ ನಡೀತೈತಿ. ಆ ಮುದ್ದೇಬಿಹಾಳ ಹುಡುಗಗ ಹೆದರಿ ಬಿಟ್ಟ ಅಂದ್ರ, ಅಂಥಾ ವಸ್ತಾದನ ಕಡೆ ಯಾರ ಮಕ್ಕಳನ ಕಳಸ್ತಾರ?"

"ಕೈ ಹೋದ ವಸ್ತಾದನ ಕಡೆ ಕಳಸ್ತಾರೇನು?"

ಅವನು ಕೂಸನ್ನು ಅವಳಿಂದ ಇಸಿದುಕೊಂಡು, ಎಡಗೈಯಲ್ಲಿ, ಮುಂದೆ ನಡೆದ. ಈ ಮಾತು ಯಾರ ಮುಂದೆಯೂ ಆಡಬೇಡ, ವಸ್ತಾದರ ಮುಂದಂತೂ ಬೇಡ ಎಂದು ಮನೆ ಬಾಗಿಲಲ್ಲಿ ಮಾತು ತೆಗೆದುಕೊಂಡ.

ಅವನ ಎದುರಾಳಿ ಮುದ್ದೇಬಿಹಾಳದ ಮುತ್ತುರಾಜ. ಹೊಸ ರಕ್ತ, ಸಿಂದಗಿ, ತಾಳಿಕೋಟೆ ಎಲ್ಲ ಕಡೆ ಅವನದೇ ಸುದ್ದಿ. ವಿಜಯಶ್ರೀ ನಿದ್ದೆಗೆಟ್ಟು ಲೆಕ್ಕ ಹಾಕಿದಳು. ಗಂಡ ಕೇಳುವುದಿಲ್ಲ. ವಸ್ತಾದನಿಗೆ ಹೇಳುವಂತಿಲ್ಲ. ಉಳಿದವನು ಆ ಹುಡುಗನೊಬ್ಬನೇ. ಓದಿದವಳಾದ್ದರಿಂದಲೋ ಏನೋ, ಕುಳಿತು ಸಮಾಧಾನವಾಗಿ ಹೇಳಿದರೆ ಯಾರಾದರೂ ಅರ್ಥಮಾಡಿಕೊಳ್ಳುತ್ತಾರೆಂಬ ನಂಬಿಕೆ ಅವಳಿಗಿತ್ತು. ತವರಿಗೆ ಹೋಗಿ ಬರುತ್ತೇನೆಂದು ಹೇಳಿ ವಿಜಾಪುರಕ್ಕೆ ಬಂದವಳು, ಅಲ್ಲಿಂದ ಕೂಸನ್ನು ಕಟ್ಟಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದಳು. ದಾರಿಯಲ್ಲಿ ಕೂಸು ಎರಡು ಸಲ ವಾಂತಿ ಮಾಡಿಕೊಂಡಿತು. ಅವಳಿಗೆ ಅಲ್ಲಿಯೇ ಇಳಿದು ತಿರುಗಿ ಹೋಗಬೇಕೆನಿಸಿತು.

ಮುತ್ತುರಾಜನ ತಾಯಿ ಲಕ್ಕವ್ವ, ಬಾಗಿಲಿಗೆ ಬಂದವಳು ಯಾರು, ಏನು ಎಂದು ಕೇಳುವ ಮೊದಲೇ ಕೂಸಿನ ಮುಖ ತೊಳೆದು, ಬೆಲ್ಲದ ನೀರು ಕುಡಿಸಿದಳು. ಮುತ್ತುರಾಜ ಒಳಗಿಂದ ಬಂದು ಕಂಬಕ್ಕೆ ಆನಿಕೊಂಡು ನಿಂತ. ಅವನ ಕಿವಿಗಳು ಇನ್ನೂ ನೆಟ್ಟಗಿದ್ದವು. ಅವಳು ಎಲ್ಲವನ್ನೂ ಹೇಳಿದಳು.

"ವೈನಿ, ನೀವ ಇಲ್ಲಿ ಬಂದದ್ದ ಅಣ್ಣಾರಿಗೆ ಗೊತ್ತೈತೇನ್ರಿ?"

"ಇಲ್ಲ. ಗೊತ್ತಾಗಲೂಬಾರದು. ನೋಡಪಾ, ಸೋಲು ಅಂತ ಕೇಳಾಕ ಬಂದಿಲ್ಲ ನಾನು. ನೀನ ಗೆಲ್ಲು. ಆದ್ರ ಅವರ ಕುತ್ತಿಗಿಗೆ ಮಾತ್ರ ಕೈ ಹಾಕಬ್ಯಾಡ. ಅಷ್ಟ."

"ಕುತ್ತಿಗಿಗೆ…" ಎಂದವನು ತಾಯಿಯ ಮುಖ ನೋಡಿದ.

"ಕಂಬ ನುಂಗಿದವರಂಗ ಯಾಕ ನಿಂತಿಯೋ?" ಎಂದಳು ಲಕ್ಕವ್ವ. "ಹಸುಗೂಸು ಕಟ್ಕೊಂಡು ಇಷ್ಟ ದೂರ ಬಂದಾಳ. ಹೂಂ ಅನ್ನು."

"ಆತ್ರಿ ವೈನಿ," ಎಂದ ಮುತ್ತುರಾಜ, ನೆಲ ನೋಡುತ್ತ. "ಹಾಕಂಗಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳಿಗೆ ಎಷ್ಟೋ ದಿನಗಳ ಮೇಲೆ ಕಣ್ಣು ಹತ್ತಿತು.

ಬಸವನ ಬಾಗೇವಾಡಿಯಲ್ಲಿ ಸಾವಂತ್ರವ್ವನ ಅಕ್ಕ ದುರ್ಗವ್ವನ ಮನೆ ಕುಸ್ತಿ ಮೈದಾನಕ್ಕೆ ಹತ್ತಿಕೊಂಡೇ ಇತ್ತು. ಹೆಂಗಸರು ಕಣದ ಹತ್ತಿರ ಹೋಗುವಂತಿಲ್ಲ. ಮಾಳಿಗೆ ಹತ್ತಿದರೆ ಯಾರೂ ಬೇಡವೆನ್ನುವುದಿಲ್ಲ. ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ವಿಜಯಶ್ರೀ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಟ್ಟೆಯ ಬದಿಗೆ ಕುಳಿತಳು. ಕೆಳಗೆ ಎಣ್ಣೆ, ಮಜ್ಜಿಗೆ ಕಲಸಿ ಹದ ಮಾಡಿದ ಕೆಂಪು ಮಣ್ಣಿನ ಕಣ. ಸುತ್ತ ಮಂದಿಯೋ ಮಂದಿ. ಹಲಗೆಯ ಸದ್ದಿಗೆ ಕೂಸು ಬೆಚ್ಚಿದಾಗಲೆಲ್ಲ ಅವಳು ಅದರ ಕಿವಿ ಮುಚ್ಚುತ್ತಿದ್ದಳು.

ಮೊದಲು ಸಣ್ಣ ಜೋಡಿಗಳು ಇಳಿದವು. ಒಬ್ಬರಿಗೊಬ್ಬರು ಹಿಡಿ ಮಣ್ಣು ಕೊಟ್ಟು, ಬಾಗಿ, ಮುಂದೆ ಬಂದು ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಹಾಕಿದರು. ಎರಡನೆಯ ಜೋಡಿಯೂ ಹಾಗೆಯೇ ಮಾಡಿತು. ಮೂರನೆಯದೂ. ವಿಜಯಶ್ರೀ ಪಕ್ಕದಲ್ಲಿ ಕುಳಿತ ದುರ್ಗವ್ವನ ಕಡೆ ತಿರುಗಿದಳು.

"ದೊಡ್ಡವ್ವಾ, ಎಲ್ಲಾರೂ ಕುತ್ತಿಗಿಗೆ ಯಾಕ ಕೈ ಹಾಕ್ತಾರ?"

"ಮತ್ತೆಲ್ಲಿ ಹಾಕಬೇಕ?" ದುರ್ಗವ್ವ ಎಲೆಗೆ ಸುಣ್ಣ ಸವರುತ್ತಿದ್ದಳು. "ಪೈಲ್ವಾನನ ಹೇಣ್ತಿ ಆಗಿ ಇಷ್ಟ ಗೊತ್ತಿಲ್ಲ? ಕುತ್ತಿಗಿ ಹಿಡದ ಜಗ್ಗಿದ್ರ ಎದುರಿನಾಂವನ ಕಸುವು ಎಷ್ಟೈತಿ ತಿಳೀತೈತಿ. ಅಲ್ಲಿಂದನ ಕುಸ್ತಿ ಚಾಲೂ. ಕುತ್ತಿಗಿ ಮುಟ್ಟಲಾರದ ಕುಸ್ತಿ ಅಂದ್ರ ಒಲಿ ಹಚ್ಚಲಾರದ ಅಡಗಿ ಮಾಡಿದಂಗ."

"ಮುಟ್ಟಲಿಲ್ಲ ಅಂದ್ರ?"

"ಮುಟ್ಟಲಿಲ್ಲ ಅಂದ್ರ ಇಬ್ಬರದೂ ಒಳಗ ಮಾತಾಗೇತಿ ಅಂತ. ಮಂದಿ ಚಪ್ಪಲಿ ತಗೀತಾರ."

ಅವಳು ಎದ್ದು ನಿಂತಳು. ಯಾರನ್ನು ಕರೆಯಬೇಕು, ಏನೆಂದು ಕೂಗಬೇಕು? ಕೆಳಗೆ ಆಗಲೇ ಅವನ ಹೆಸರು ಕೂಗಿದ್ದರು. ಬಸಂತರಾಯ ಕಣಕ್ಕೆ ಇಳಿದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಮುತ್ತುರಾಜ ಕೊಟ್ಟ ಹಿಡಿ ಮಣ್ಣನ್ನು ಎಡಗೈಯಲ್ಲಿ ಇಸಿದುಕೊಂಡ.

ಇಬ್ಬರೂ ಬಾಗಿದರು. ಬಸಂತರಾಯ ಕುತ್ತಿಗೆ ಮುಂದೆ ಕೊಟ್ಟ. ಮುತ್ತುರಾಜನ ಕೈ ಅರ್ಧಕ್ಕೆ ಬಂದು, ಸುಟ್ಟಂತೆ ಹಿಂದೆ ಸರಿದು, ಮಣಿಕಟ್ಟು ಹಿಡಿಯಿತು. ಬಿಟ್ಟರು. ಮತ್ತೆ ಬಾಗಿದರು. ಮತ್ತೆ ಅದೇ. ಇಬ್ಬರೂ ಮಣಿಕಟ್ಟು ಹಿಡಿದು ಕಣದ ಸುತ್ತ ತಿರುಗಿದರು. ಹಲಗೆಯವನು ಬಾರಿಸುವುದನ್ನು ನಿಲ್ಲಿಸಿದ.

"ಏ ಮುತ್ತ್ಯಾ, ಹೇಣ್ತಿ ಕೈ ಹಿಡದಂಗ ಹಿಡದಿಯಲ್ಲೋ," ಎಂದು ಯಾರೋ ಕೂಗಿದರು.

"ಅಕ್ಕಿಕಾಳ ಹಾಕ್ರಿ, ಲಗ್ನ ಮುಗಸೂಣು," ಎಂದ ಇನ್ನೊಬ್ಬ.

ನಗೆ ಎದ್ದಿತು. ನಗೆಯ ಹಿಂದೆಯೇ ಗುಜುಗುಜು. ಇಬ್ರಾಹಿಂಸಾಬ ಕಣದ ಅಂಚಿನಲ್ಲಿ ಎದ್ದು ನಿಂತಿದ್ದ. ಒಂದು ಚಪ್ಪಲಿ ಹಾರಿ ಬಂದು ಮುತ್ತುರಾಜನ ಕಾಲ ಬಳಿ ಬಿತ್ತು.

ಬಸಂತರಾಯ ನಿಂತ. ಹುಡುಗನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎಡಗೈಯಿಂದ ಅವನ ಮಣಿಕಟ್ಟು ಹಿಡಿದು ಎತ್ತಿ, ಆ ಕೈಯನ್ನು ತಾನೇ ತನ್ನ ಕುತ್ತಿಗೆಯ ಮೇಲೆ ಇಟ್ಟುಕೊಂಡ. ಏನೋ ಒಂದು ಮಾತು ಹೇಳಿದ. ಮಾಳಿಗೆಗೆ ಅದು ಕೇಳಿಸಲಿಲ್ಲ. ಮುತ್ತುರಾಜ ತಲೆಯಾಡಿಸಿದ, ಬೇಡವೆನ್ನುವಂತೆ. ಬಸಂತರಾಯ ಆ ಕೈಯ ಮೇಲೆ ತಟ್ಟಿದ.

ಹಲಗೆ ಮತ್ತೆ ಶುರುವಾಯಿತು. ಈಗ ಮುತ್ತುರಾಜ ಜಗ್ಗಿದ.

ವಿಜಯಶ್ರೀಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿದರೂ ಆಗಲಿಲ್ಲ. ಇಷ್ಟು ವರ್ಷ ಗಾಯಗಳಲ್ಲಿ ಓದಿದ್ದೆಲ್ಲ ಕೆಳಗೆ ಜೀವ ತಳೆದು ಓಡಾಡುತ್ತಿತ್ತು. ಅವನು ಕಾಯುತ್ತಿದ್ದ, ಭಾರ ಹೇರಿ, ಹುಡುಗನ ಉಸಿರು ಕೇಳುತ್ತ. ಹುಡುಗ ನುಗ್ಗಿದಾಗ ಎಡ ಮೊಣಕೈ ಬೇಲಿಯಂತೆ ಅಡ್ಡ ಬರುತ್ತಿತ್ತು. ಕೆಳಗೆ ಬಿದ್ದಾಗ ಹೊಟ್ಟೆ ಮಣ್ಣಿಗೆ ಹಚ್ಚಿ ಮಲಗಿ, ಬೆನ್ನು ತಿರುಗಿಸಲು ಬಿಡದೆ, ಸಮಯ ನೋಡಿ ಎಡ ಭುಜದ ಮೇಲೆ ಜಾರಿ ಮತ್ತೆ ಎದ್ದ. ಮಂದಿ ಕೇಕೆ ಹಾಕಿದರು. ಬಲಗೈ ಮಾತ್ರ ಜೊತೆಗೆ ಇದ್ದೂ ಇಲ್ಲದಂತೆ, ಬರಿದೆ ತೋರಿಕೆಗೆ ಗಾಳಿಯಲ್ಲಿ ಆಡುತ್ತಿತ್ತು.

ಹುಡುಗ ದಣಿದ. ಅವನ ಬಾಯಿ ತೆರೆಯಿತು. ಮುಂದೆ ಬರುವಾಗ ಅವನ ತೋಳು ಉದ್ದಕ್ಕೆ ಚಾಚಿತು. ಅದನ್ನು ಕಂಡ ಬಸಂತರಾಯನ ಮೈ ಅಂದಿನ ಸಿಂದಗಿಯ ಹುಡುಗನದಾಗಿಬಿಟ್ಟಿತು. ಬಲಗೈ ಹೋಗಿ ಆ ತೋಳಿನ ಮೇಲೆ ಬಿತ್ತು, ಸೊಂಟ ಗಕ್ಕನೆ ತಿರುಗಿತು. ಬೆರಳು ಮುಚ್ಚಲಿಲ್ಲ. ಎಣ್ಣೆ ಮಣ್ಣಿನ ತೋಳು ಜಾರಿ ಹೋಯಿತು. ಹುಡುಗನ ಇನ್ನೊಂದು ಕೈ ಕುತ್ತಿಗೆಯ ಮೇಲೆಯೇ ಇತ್ತು. ಅದು ಜೋರಾಗಿ ಜಗ್ಗಿ ತನ್ನ ಕೆಲಸ ಮಾಡಿತು.

ಬಸಂತರಾಯನ ಬೆನ್ನು ಮಣ್ಣಿಗೆ ಹತ್ತಿತು.

ಅವನು ತಾನೇ ಎದ್ದ. ಮುತ್ತುರಾಜ ಅವನ ಕಾಲಿಗೆ ಬಿದ್ದು ಎಷ್ಟು ಹೊತ್ತಾದರೂ ಏಳಲಿಲ್ಲ. ಮಂದಿ ಇಬ್ಬರಿಗೂ ಚಪ್ಪಾಳೆ ಹೊಡೆದರು. ಇಬ್ರಾಹಿಂಸಾಬ ತನ್ನ ಪಟಕಾ ತೆಗೆದು ಸೋತವನ ತಲೆಗೆ ಸುತ್ತಿದ.

"ಕಟ್ಟಿಗಿ ಹಂಗ ನಿಂತು ಕಾದ್ರ ಗೆಲ್ಲೂ ಕುಸ್ತಿ ಇತ್ತು. ಆ ಹಳೇ ಡಾವ ಈಗ್ಯಾಕ ತಗದಿ ಬಸಂತ್ಯಾ?" ಎಂದು ಅವನು ಸಂಜೆ ದುರ್ಗವ್ವನ ಪಡಸಾಲೆಯಲ್ಲಿ ಕೇಳಿದ.

"ನಾ ಎಲ್ಲಿ ತಗದೇನ್ರಿ ವಸ್ತಾದರ. ಕೈ ತಾನ ಹೋತು," ಎಂದ ಬಸಂತರಾಯ. ಚಹದ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದ. ಬಲಗೈ ತೊಡೆಯ ಮೇಲಿತ್ತು.

ಮರುದಿನ ಮುಂಜಾನೆ, ಊರಿಗೆ ಹೊರಡುವ ಮೊದಲು, ವಿಜಯಶ್ರೀ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದಳು. ಅವನು ಬೆನ್ನು ಕೊಟ್ಟು ಕುಳಿತಿದ್ದ. ಸ್ನಾನವಾಗಿದ್ದರೂ ಬೆನ್ನಿನ ನಡುವಿನ ಗೆರೆಯಲ್ಲಿ ಕೆಂಪು ಮಣ್ಣು ಉಳಿದಿತ್ತು. ಆ ಜಾಗದಲ್ಲಿ ಮಣ್ಣನ್ನು ಅವಳು ಎಂದೂ ಕಂಡಿರಲಿಲ್ಲ. ಕೂಸು ಅವನ ಮುಂದೆ ಅಂಬೆಗಾಲಿಡುತ್ತಿತ್ತು.

"ಮುದ್ದೇಬಿಹಾಳ ಬಸ್ಸಿನ್ಯಾಗ ಇದಕ್ಕ ವಾಂತಿ ಆಗಲಿಲ್ಲೇನ?" ಎಂದು ಕೇಳಿದ ಅವನು, ತಿರುಗದೆ.

ಅವಳ ಕೈ ನಿಂತಿತು.

"ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಹುಡುಗ ಕುತ್ತಿಗಿ ಬಿಟ್ಟು ಮಣಿಕಟ್ಟ ಹಿಡದಾಗ ತಿಳೀತು. ಡಾಕ್ಟರ್ ಏನ ಅಂವಗ ಹೇಳಾಕ ಹೋಗಿರತಾರ?" ಕೂಸನ್ನು ಎಡಗೈಯಿಂದ ಹತ್ತಿರ ಎಳೆದುಕೊಂಡು ಹೇಳಿದ: "ನನ್ನ ಸಲುವಾಗಿ ಹೋದಿ, ಹೋಗ್ಲಿ. ಆ ಹುಡುಗನ ಮ್ಯಾಲ ಚಪ್ಪಲಿ ಬಿತ್ತಲ್ಲ ವಿಜೀ. ಅಂವ ಇನ್ನೂ ಎಷ್ಟ ಕಣ ಇಳಿಯೂದೈತಿ."

"ನಿಮ್ಮ ಕೈ ಉಳೀಲಿ ಅಂತ ಹೋಗಿದ್ದೆ," ಎಂದಳು ಅವಳು. "ನಾ ಕುಸ್ತಿ ನೋಡಿದಾಕಿ ಅಲ್ಲ. ಕುತ್ತಿಗಿಯಿಂದನ ಚಾಲೂ ಆಗ್ತೈತಿ ಅಂತ ನನಗ ಯಾರೂ ಹೇಳಿರಲಿಲ್ಲ."

ಕೂಸು ಅವನ ಬಲಗೈಯ ಬೆರಳೊಂದನ್ನು ಹಿಡಿದು ಬಾಯಿಗೆ ಹಾಕಿಕೊಂಡು, ಹೊಸದಾಗಿ ಬಂದ ಹಲ್ಲಿನಿಂದ ಕಚ್ಚುತ್ತಿತ್ತು. ಅವನು ಅದನ್ನು ನೋಡಿ ನಕ್ಕ. ಬೆರಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವಿಜಯಶ್ರೀ ಮತ್ತೆ ಎಣ್ಣೆ ಹಚ್ಚತೊಡಗಿದಳು. ಬೆನ್ನಿನ ಮಣ್ಣು ಒರೆಸಿದಳು, ಕುತ್ತಿಗೆಯ ದಪ್ಪ ಚರ್ಮವನ್ನು ಮೆಲ್ಲಗೆ ಸವರಿದಳು, ಅಲ್ಲಿಂದ ಬಲಭುಜಕ್ಕೆ ಇಳಿದು ಎರಡೂ ಕೈಯಿಂದ ತಿಕ್ಕಿದಳು. ಬಟ್ಟಲಿನ ಎಣ್ಣೆ ಮುಗಿಯುತ್ತ ಬಂತು.

"ಬಲಭುಜಕ್ಕ ಒಂದೀಟ ಹಚ್ಚು," ಎಂದ ಅವನು. "ಅದನ್ನ ಬಿಟ್ಟೀಯಲ್ಲ."

ಅವಳ ಎರಡೂ ಕೈ ಅದರ ಮೇಲೆಯೇ ಇದ್ದವು.

"ಹಚ್ಚತೇನ್ರಿ," ಎಂದಳು.