ರೆಕಾರ್ಡಿನಲ್ಲಿಲ್ಲದ ಸೀನು

ಕ್ಯಾಸೆಟ್ಟಿನ ಮೂರನೆಯ ಹಾಡಿನಲ್ಲಿ, ಗಿಟಾರ್ ಒಂದು ತಂತಿಯ ಮೇಲೆ ನಿಂತು ಮುಂದೇನು ಎಂದು ಯೋಚಿಸುವ ಹೊತ್ತಿಗೆ, ಯಾರೋ ಸೀನುತ್ತಿದ್ದರು. ಮೂರನೆಯದು ಎಂದು ನಾನು, ನಾಲ್ಕನೆಯದು ಎಂದು ಅಕ್ಕ. ಸೀನು ಇತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿರಲಿಲ್ಲ. ಹಾಡುವವನೇ ಸೀನಿದ್ದಾನೆ, ಈ ಬ್ಲೂಸ್ ಎಂಬ ಅಮೆರಿಕದ ಸಂಗೀತದಲ್ಲಿ ದುಃಖದ ಜೊತೆ ನೆಗಡಿಗೂ ಜಾಗವಿದೆ ಎಂದು ನಂಬಿಯೇ ಬೆಳೆದೆವು.

ಅಕ್ಕನ ಕಿವಿ ಈಚೆಗೆ ಮಂದವಾಗುತ್ತ ಬಂದಿತ್ತು. ಬ್ಯಾಡಗಿಯಲ್ಲಿ ಅವಳದೂ ಅವಳ ಗಂಡನದೂ ಮೆಣಸಿನಕಾಯಿ ದಲಾಲಿ ಅಂಗಡಿ. ಗಂಡ, ಅಂದರೆ ನಮ್ಮ ಮಾಮಾ, ಊರೂರು ತಿರುಗುವವರು. ಅಂಗಡಿಯಲ್ಲಿ ಕೂತು ರೈತರೊಡನೆ ಮಾತಾಡುವವಳು ಅಕ್ಕ. ಒಂದು ದಿನ ಒಬ್ಬ ರೈತ ಬಾಗಿಲಲ್ಲಿ ನಿಂತು, "ಅಕ್ಕಾರ, ನಾಳೆ ಮಾಲು ತರ್ಲೇನ್ರಿ?" ಎಂದ.

"ಈಗಷ್ಟ ಉಂಡೇನ್ರಿ," ಎಂದಳು ಅಕ್ಕ.

ಹಮಾಲರು ಚೀಲ ಇಳಿಸಿ ನಕ್ಕರು. "ಇನ್ನೊಮ್ಮೆ ಕೇಳು ಮಾರಾಯಾ, ನಿನಗೂ ಊಟ ಹಾಕ್ತಾರ!" ಎಂದು ಒಬ್ಬ ಕೂಗಿದ. ಅದು ಅವಳಿಗೆ ಕೇಳಿಸಿತು. ಮರುದಿನದಿಂದ ಅಂಗಡಿಗೆ ಹೋಗಲಿಲ್ಲ. ಇದನ್ನು ನಾನು ಕಂಡಿಲ್ಲ, ಮಾಮಾ ಹೇಳಿದ್ದು. ಹಮಾಲನ ಮಾತನ್ನು ನಾನೇ ಸೇರಿಸಿರಲೂಬಹುದು. ಅವಳು ಅಂಗಡಿ ಬಿಟ್ಟದ್ದು ಮಾತ್ರ ಖರೆ.

ಹಾವೇರಿಯ ಕಿವಿ ಡಾಕ್ಟರು ಕಿವಿಗೆ ಹಾಕಿಕೊಳ್ಳುವ ಒಂದು ಮಷೀನು ಕೊಟ್ಟು, ಒಗ್ಗದಿದ್ದರೆ ವಾಪಸ್ ಕೊಡಬಹುದು ಎಂದರು. ಆ ದಿನ ಜೊತೆಗೆ ನಾನೂ ಇದ್ದೆ.

"ದಿನಾ ಹಾಕ್ಕೋಬೇಕ್ರಿ ಮತ್ತ. ಗೊತ್ತಿದ್ದ ಹಾಡು ಕೇಳ್ರಿ, ಮನಿಯವರ ಮಾತು ಕೇಳ್ರಿ," ಎಂದು ಡಾಕ್ಟರು ಜೋರಾಗಿ ಹೇಳಿದರು.

"ಮನಿಯವರ ಮಾತು ಕೇಳಲಾರದಕ್ಕ ಆರಾಮ ಇದ್ದೇನ್ರಿ," ಎಂದಳು ಅಕ್ಕ. ಮಾಮಾ ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಆಸಕ್ತಿಯಿಂದ ನೋಡತೊಡಗಿದರು.

ಮನೆಗೆ ಬಂದ ಮೇಲೆ ಮಷೀನು ಡಬ್ಬಿಯಲ್ಲೇ ಉಳಿಯಿತು. ಎಲ್ಲ ದನಿಯೂ ತಗಡು ಬಡಿದಂತೆ ಕೇಳಿಸುತ್ತದಂತೆ. ಸೋಮವಾರ ಹಾವೇರಿಗೆ ಹೋಗಿ ಕೊಟ್ಟು ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ ಎಂದು ಮಾಮಾ ಫೋನ್ ಮಾಡಿದರು. ಅದೇ ವಾರ ನಮ್ಮ ಕ್ಯಾಸೆಟ್ಟಿನ ಆ ಗಿಟಾರ್ ಆಲ್ಬಮ್ ಮೂಲ ಟೇಪಿನಿಂದ ಹೊಸದಾಗಿ, ಸಣ್ಣ ಸದ್ದೂ ಬಿಡಿಸಿ ಕೇಳಿಸುವ ಹೈ ರೆಸಲ್ಯೂಶನ್ ಆಡಿಯೋದಲ್ಲಿ ಬಂದಿತ್ತು. ಅದೇ ವಾರವೋ, ಅದಕ್ಕೂ ಮುಂಚೆಯೋ? ಕಥೆಗೆ ಅದೇ ವಾರ ಚೆಂದ ಹೊಂದುತ್ತದೆ, ಅದಕ್ಕೇ ನನಗೆ ಸಂಶಯ.

ಅಕ್ಕನಿಗೆ ಅದನ್ನು ಫೋನಿನಿಂದ ಬ್ಲೂಟೂತಿನಲ್ಲಿ ಕೇಳಿಸಿದರೆ ಆ ಸೂಕ್ಷ್ಮವೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ ಎಂದು, ನನ್ನ ಎರಡು ಸ್ಪೀಕರುಗಳನ್ನು ಬೀಜದ ಕಂಪನಿಯ ಚೀಲದಲ್ಲಿ ತುಂಬಿಕೊಂಡು ರಾಣೆಬೆನ್ನೂರಿನಲ್ಲಿ ರೈಲು ಹತ್ತಿದೆ. ಎದುರಿಗೆ ಕೂತಿದ್ದ ಹಿರಿಯರು ಚೀಲ ನೋಡಿ, "ಯಾವ ಬೀಜಾರೀ? ಮೊಳಕಿ ಛಲೋ ಬರ್ತಾವೇನು?" ಎಂದು ಕೇಳಿದರು. "ನೋಡ್ಬೇಕ್ರಿ," ಎಂದೆ.

ಅದು ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ. ಬ್ಯಾಡಗಿಯ ಗಾಳಿಯೇ ಕೆಂಪಗಿತ್ತು. ಅಕ್ಕ ಒಲ್ಲದ ಮನಸ್ಸಿನಿಂದ ಮಷೀನು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ನಾನು ಹಾಡು ಹಚ್ಚಿದೆ.

ಮೊದಲ ಹಾಡಿಗೆ ಅವಳು ಗುನುಗಿದಳು. ಮಾಮಾ ನನ್ನತ್ತ ಹುಬ್ಬು ಹಾರಿಸಿದರು. ನನಗೆ ಖುಷಿಯಾಗಲಿಲ್ಲ. ಆ ಹಾಡು ಅವಳಿಗೆ ಬಾಯಿಪಾಠ. ಸ್ಪೀಕರ್ ಬಂದ್ ಮಾಡಿದ್ದರೂ ಗುನುಗುತ್ತಿದ್ದಳು. ನೆನಪು ಕಿವಿಯ ಕೆಲಸವನ್ನು ತಾನೇ ಮಾಡಿಕೊಂಡುಬಿಡುತ್ತದೆ. ಕೇಳುತ್ತಿದ್ದಾಳೋ ನೆನೆಯುತ್ತಿದ್ದಾಳೋ ಎಂದು ತಿಳಿಯುವುದು ಹೇಗೆ?

ಮೂರನೆಯ ಹಾಡು ಮುಗಿಯಿತು. ನಾಲ್ಕನೆಯದೂ ಮುಗಿಯಿತು. ಅಕ್ಕನ ಮುಖ ಸಣ್ಣದಾಯಿತು. ಮಷೀನು ಕಿತ್ತು ಕೈಯಲ್ಲಿ ಹಿಡಿದಳು.

"ಸೀನು ಕೇಳಸ್ಲೇ ಇಲ್ಲ. ಅಷ್ಟು ದೊಡ್ಡ ಸೀನು! ಅದನ್ನ ಕೇಳಸ್ಲಾರದ ಮಷೀನು ತಗೊಂಡು ಏನ್ ಮಾಡ್ಲಿ?"

"ನನಗೂ ಕೇಳಸ್ಲಿಲ್ಲಕ್ಕಾ."

"ಸುಮ್ನಿರು. ಸಣ್ಣ ಹುಡುಗೀನ ರಮಿಸಿದಂಗ ರಮಸಬ್ಯಾಡ."

ರಮಿಸುತ್ತಿರಲಿಲ್ಲ. ನಾನೂ ಕಂಗಾಲಾಗಿದ್ದೆ. ಹೊಸದು ಮಾಡುವಾಗ ಸೀನನ್ನು ತೊಳೆದು ಹಾಕಿರಬೇಕು ಎಂದುಕೊಂಡೆ. ಫೋನಿನಲ್ಲಿ ಅದೇ ಆಲ್ಬಮ್ಮಿನ ಹಳೆಯ ಪ್ರತಿಗಳನ್ನು ಹುಡುಕಿ ಕೇಳಿದೆ. ಯಾವುದರಲ್ಲೂ ಸೀನಿಲ್ಲ. ಹೊರಗೆ ಓಣಿಯಲ್ಲಿ ಯಾರೋ ಸೀನಿದರು, ಅವರ ಹಿಂದೆ ಇನ್ನೊಬ್ಬರು. ಘಾಟಿಗೆ ಇಡೀ ಓಣಿ ಸೀನುವ ದಿನಗಳು ಅವು. ಆಗ ಹೊಳೆಯಿತು. ನಮ್ಮ ಸೋದರಮಾವ ಹುಬ್ಬಳ್ಳಿಯ ಗೆಳೆಯನ ರೆಕಾರ್ಡನ್ನು ಕಡ ತಂದು, ಅದನ್ನು ಹಚ್ಚಿ, ಮುಂದೆ ಟೇಪ್ ರೆಕಾರ್ಡರ್ ಇಟ್ಟು ನಮ್ಮ ಕ್ಯಾಸೆಟ್ ತುಂಬಿದ್ದರು. ಗದ್ದಲವಿಲ್ಲದ ಜಾಗ ಬೇಕೆಂದು ಅವರು ಆರಿಸಿದ್ದು ನಮ್ಮ ತಂದೆಯ ಮೆಣಸಿನಕಾಯಿ ಗೋದಾಮು.

ಅಕ್ಕನ ಕಿವಿಯ ಹತ್ತಿರ ಬಾಗಿ ಇದನ್ನು ಹೇಳಿದೆ. ಅವಳು ನಂಬಲಿಲ್ಲ. ಯಾಕಾದರೂ ನಂಬಬೇಕು? ಅವಳನ್ನು ಸಮಾಧಾನ ಮಾಡಲು ಆಗಷ್ಟೇ ಕಟ್ಟಿದ ಕಥೆಯಂತೆ ನನಗೇ ಕೇಳಿಸಿತು.

"ಮಾವ ಸೀನಿದ್ದು ಅಂತೀ ಹಂಗಾರ?"

"ಮಾವೋ, ಅಪ್ಪನೋ, ಹಮಾಲನೋ. ಯಾರಿಗ್ಗೊತ್ತು."

"ಅಮೆರಿಕಾದಾಂವ ಅಲ್ಲ?"

"ಅಂವ ಬ್ಯಾಡಗಿಗೆ ಬಂದಿದ್ರ ಸೀನ್ತಿದ್ದ."

ಅವಳು ನಗಲಿಲ್ಲ. ಆದರೆ ಮಷೀನನ್ನು ಡಬ್ಬಿಗೆ ಹಾಕಲೂ ಇಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ರುಜುವಾತು ಮಾಡುವುದಕ್ಕೇ ಇರಬೇಕು, ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. "ಇನ್ನೊಮ್ಮೆ ಹಚ್ಚು," ಎಂದಳು.

ಈ ಸಲ ಗುನುಗಲಿಲ್ಲ. ಕತ್ತು ಮುಂದೆ ಚಾಚಿ, ಮೆಣಸಿನಕಾಯಿಯ ರಾಶಿಯಲ್ಲಿ ಕೈಯಾಡಿಸಿ ಕೊಳೆತದ್ದನ್ನು ಹುಡುಕುವವರ ಹಾಗೆ ಕೂತಿದ್ದಳು. ಮೂರನೆಯ ಹಾಡಿನ ನಡುವೆ ಕೈ ಎತ್ತಿದಳು.

"ಏನೋ ಟಿಕ್ ಟಿಕ್ ಅಂತೈತಲ್ಲೋ."

ಸ್ಪೀಕರ್ ಕೆಟ್ಟಿತೇ ಎಂದು ವೈರ್ ಅಲುಗಾಡಿಸಿದೆ. ನನಗೆ ಏನೂ ಕೇಳಿಸುತ್ತಿರಲಿಲ್ಲ.

"ಅದಲ್ಲ. ಗಿಟಾರ್ ಜೋಡಿ ಬರ್ತೈತಿ. ಬಾರ್ಸಾವನ ಕೈ ಕೆಳಗ ಬಂದಾಗೊಮ್ಮೆ, ಟಿಕ್. ಅಂಗಿ ಗುಂಡಿ ಬಡಿಯಾಕತ್ತೈತಿ ಕಟ್ಟಿಗಿಗೆ."

ಚೀಲದಿಂದ ಹೆಡ್‌ಫೋನ್ ತೆಗೆದು ಹಾಕಿಕೊಂಡೆ. ಮೊದಲ ಸಲ ಸಿಗಲಿಲ್ಲ. ಅಕ್ಕ ನನ್ನ ಮೊಣಕಾಲ ಮೇಲೆ ಬೆರಳಿನಿಂದ ಲೆಕ್ಕ ಹಾಕಿ ತೋರಿಸಿದಳು: ಈಗ, ಈಗ, ಈಗ. ಆಗ ಸಿಕ್ಕಿತು. ತಂತಿಯ ನಾದದ ಹಿಂದೆ, ಉಗುರಿನಷ್ಟು ಸಣ್ಣದೊಂದು ಸದ್ದು. ಗುಂಡಿಯೋ ಉಂಗುರವೋ, ಹೇಳಲಾರೆ. ನಮ್ಮ ಕ್ಯಾಸೆಟ್ಟಿನ ಕೊರ್ರೆನ್ನುವ ಸದ್ದಿನಲ್ಲಿ ಇದು ಉಳಿದಿರಲು ಸಾಧ್ಯವೇ ಇರಲಿಲ್ಲ. ಇದನ್ನು ಅವಳು ನೆನೆದಿರಲಾರಳು, ಕೇಳಿದ್ದಳು. ನನಗಿಂತ ಮುಂಚೆ ಕೇಳಿದ್ದಳು.

"ಕೇಳಸ್ತೇನು?" ಎಂದಳು.

"ಕೇಳಸ್ತು."

"ನಿನ್ನ ಕಿವಿ ಒಮ್ಮೆ ತೋರಿಸ್ಕೋ ತಮ್ಮಾ. ಹಾವೇರಿ ಡಾಕ್ಟರು ಭಾಳ ಛಲೋ ಅದಾರ."

ಮಾಮಾ ಒಳಗಿನಿಂದ, ಸೋಮವಾರ ಹಾವೇರಿ ಬಸ್ಸಿಗೆ ಎಷ್ಟು ಹೊತ್ತಿಗೆ ಏಳಬೇಕು ಎಂದು ಕೇಳಿದರು. ಬೇಕೆಂದೇ ಸಣ್ಣ ದನಿಯಲ್ಲಿ ಕೇಳಿದರು.

"ಸೋಮವಾರ ಮಾರ್ಕೆಟ್ ಐತಿ," ಎಂದಳು ಅಕ್ಕ, ತಲೆ ತಿರುಗಿಸದೆ. "ಅಂಗಡ್ಯಾಗ ಯಾರ್ ಕುಂದ್ರಾವ್ರು, ನೀವ? ತಮ್ಮಾ, ಮುಂದಿಂದು ಹಚ್ಚು."